ಊರಿನಿಂದ ಬಂದವರು

2025ರಲ್ಲಿ ರಾಜ್ಯದ 16 ಜಿಲ್ಲಾಸ್ಪತ್ರೆಗಳಲ್ಲಿ ಕೀಮೋ ಕೊಡುವ ಡೇ-ಕೇರ್ ಕೇಂದ್ರಗಳು ಶುರುವಾದವು. ಬೆಳಿಗ್ಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆಗೆ ಮನೆ ಸೇರಬಹುದು ಎಂಬ ಈ ಸುದ್ದಿ ಓದಿದರೆ ನನ್ನ ವಯಸ್ಸಿನ ಬೆಂಗಳೂರಿನವರಿಗೆ ಎಂಬತ್ತರ ದಶಕದ ಹೊಸೂರು ರಸ್ತೆ ನೆನಪಾಗದೆ ಇರದು. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆನಿಸಿಕೊಂಡಿತ್ತು. ರಾಜ್ಯದ ಬಹುಪಾಲು ಜಿಲ್ಲೆಗಳಿಗೆ ಆಗ ಬೆಂಗಳೂರೇ ಗತಿ. ರಾಯಚೂರು, ಬಳ್ಳಾರಿ, ಚಿತ್ರದುರ್ಗ, ಕೊಳ್ಳೇಗಾಲದ ಕಡೆಯಿಂದ ರಾತ್ರಿ ಬಸ್ಸಿಗೆ ಬಂದಿಳಿದವರು ಆಸ್ಪತ್ರೆಗಿಂತ ಮೊದಲು ಹುಡುಕುತ್ತಿದ್ದದ್ದು ತಮ್ಮೂರಿನವರ ಮನೆಯನ್ನು. ವಿಲ್ಸನ್ ಗಾರ್ಡನ್, ಆಡುಗೋಡಿ, ಜಯನಗರದ ಸುತ್ತ ಬಾಡಿಗೆಗಿದ್ದ ಗುಮಾಸ್ತರು, ಕಂಡಕ್ಟರುಗಳು, ಕಾರ್ಖಾನೆ ನೌಕರರು, ಮೇಷ್ಟ್ರುಗಳ ಎರಡು ಕೋಣೆಯ ಮನೆಗಳು ಆಸ್ಪತ್ರೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಛತ್ರಗಳಾಗಿದ್ದವು. ಮಕ್ಕಳಾಗಿದ್ದ ನಮಗೆ ಬಂದವರ ಹೆಸರು ಗೊತ್ತಿರುತ್ತಿರಲಿಲ್ಲ, ಕಾಯಿಲೆಯ ಹೆಸರನ್ನು ದೊಡ್ಡವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಊರಿನಿಂದ ಬಂದವರು’, ಅಷ್ಟೇ. ಆ ಮನೆಗಳ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳೆದ್ದಿವೆ. ಗೇಟಿನಲ್ಲಿ ಸೆಕ್ಯುರಿಟಿಯವನು ರಿಜಿಸ್ಟರ್ ಹಿಡಿದು ಕೂತಿರುತ್ತಾನೆ. ಆ ಕಾಲದ ಸಹಾಯ ನಿಜವಾಗಿ ಏನಿತ್ತು, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಯಾವ ಬೇಸರವೂ ಇಲ್ಲದೆ ಬಿಟ್ಟುಬಿಡಬಹುದು ಎಂದು ಈ ಹೊಸ ಕೇಂದ್ರಗಳ ನೆಪದಲ್ಲಾದರೂ ಲೆಕ್ಕ ಹಾಕಬೇಕೆನಿಸುತ್ತದೆ.

ಬಂದವರಲ್ಲಿ ಅನೇಕರಿಗೆ ಬೇಕಿದ್ದದ್ದು ರೇಡಿಯೇಷನ್. ಜನ ಅದನ್ನು ‘ಕರೆಂಟು ಕೊಡೋದು’ ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಬಾಯಿಯ ಕ್ಯಾನ್ಸರಾಗಲಿ ಗರ್ಭಕೊರಳಿನ ಕ್ಯಾನ್ಸರಾಗಲಿ, ವಾರಕ್ಕೆ ಐದು ದಿನದಂತೆ ಐದಾರು ವಾರ, ಕೆಲವರಿಗೆ ಏಳು ವಾರ. ದಿನಕ್ಕೆ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಆಗಿನ ಕೋಬಾಲ್ಟ್ ಯಂತ್ರಗಳಲ್ಲಿ ವಿಕಿರಣದ ಮೂಲದ ಶಕ್ತಿ ಐದು ವರ್ಷ ಚಿಲ್ಲರೆಗೆ ಅರ್ಧಕ್ಕಿಳಿಯುತ್ತಿತ್ತು. ಅದು ಹಳತಾದಷ್ಟೂ ಒಬ್ಬೊಬ್ಬರಿಗೂ ಹೆಚ್ಚು ಹೊತ್ತು ಹಿಡಿದು ಹೊರಗಿನ ಸಾಲು ಬೆಳೆಯುತ್ತಿತ್ತು. ಹೇಗೇ ಎಣಿಸಿದರೂ ದಿನದ ಬಹುಪಾಲನ್ನು ರೋಗಿ ಕಳೆಯುತ್ತಿದ್ದದ್ದು ಆಸ್ಪತ್ರೆಯ ಹೊರಗೆ, ಆ ಹೊತ್ತಿಗೆ ಏನು ವ್ಯವಸ್ಥೆ ಎಂಬುದು ಯಾವ ಚೀಟಿಯಲ್ಲೂ ಬರೆದಿರುತ್ತಿರಲಿಲ್ಲ. ಕುತ್ತಿಗೆ, ಕೆನ್ನೆಯ ಮೇಲೆ ನೇರಳೆ ಬಣ್ಣದ ಗೆರೆ ಎಳೆದು ಕಳಿಸುತ್ತಿದ್ದರು. ಯಂತ್ರವನ್ನು ದಿನವೂ ಅದೇ ಜಾಗಕ್ಕೆ ಗುರಿಯಿಡಲು ಬೇಕಾದ ಗುರುತು ಅದು. ಸೋಪು ಹಚ್ಚಿ ತೊಳೆಯುವಂತಿರಲಿಲ್ಲ. ಸೆರಗಿನಲ್ಲೋ ಟವೆಲಿನಲ್ಲೋ ಅದನ್ನು ಮುಚ್ಚಿಕೊಂಡೇ ಬಸ್ಸು ಹತ್ತುತ್ತಿದ್ದರು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯೊಳಗೆಲ್ಲ ಹುಣ್ಣು. ಉಪ್ಪು, ಹುಳಿ, ಖಾರ ಯಾವುದೂ ತಾಕುವಂತಿಲ್ಲ. ಮನೆಯ ಹೆಂಗಸರು ಅನ್ನವನ್ನು ನುಣ್ಣಗೆ ಕಿವುಚಿ, ಸೋಸಿ, ಆರಿಸಿ ಗಂಜಿ ಕೊಡುತ್ತಿದ್ದರು. ಮಜ್ಜಿಗೆ ಬಿದ್ದರೆ ಉರಿಯುತ್ತದೆಂದು ರಾಗಿ ಅಂಬಲಿಯನ್ನು ಹಾಲಿನಲ್ಲಿ ಕದಡುತ್ತಿದ್ದರು. ಕೀಮೋ ಆದವರಿಗೆ ಒಗ್ಗರಣೆಯ ಘಾಟಿಗೇ ವಾಂತಿ ಬರುತ್ತಿತ್ತು. ಅವರು ಆಸ್ಪತ್ರೆಗೆ ಹೊರಟ ಮೇಲೆಯೇ ಮನೆಮಂದಿಯ ಸಾರಿಗೆ ಒಗ್ಗರಣೆ. ವಾಂತಿ ತಡೆಯುವ ಒಳ್ಳೆಯ ಮದ್ದು ಬಂದದ್ದು ತೊಂಬತ್ತರ ದಶಕದಲ್ಲಿ. ಅಲ್ಲಿಯವರೆಗೆ ಇಂಥ ಉಪಾಯಗಳೇ ಆಸರೆ.

ಈ ಗಂಜಿ, ಮಲಗಲು ಚಾಪೆ, ಬಸ್ ಚಾರ್ಜು, ಜೊತೆಗೊಬ್ಬರು, ಇವೆಲ್ಲ ಚಿಕಿತ್ಸೆಯ ಪಕ್ಕದಲ್ಲಿ ನಡೆಯುವ ದಯೆಯ ಕೆಲಸ ಎಂದು ಅಂದೂ ತಿಳಿದಿದ್ದೆವು, ಇಂದೂ ತಿಳಿದಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಇವು ಚಿಕಿತ್ಸೆಯದೇ ಭಾಗ. ಔಷಧಿಯಷ್ಟೇ ಲೆಕ್ಕವಿಟ್ಟು, ಹಕ್ಕಾಗಿ ಕೊಡಬೇಕಾದವು. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ, ಗರ್ಭಕೊರಳಿನ ಕ್ಯಾನ್ಸರಿನಲ್ಲಿ ರೇಡಿಯೇಷನ್ ನಿಗದಿಯಾದ ಅವಧಿಗಿಂತ ಉದ್ದವಾದರೆ, ಹೆಚ್ಚಾದ ಪ್ರತಿ ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಇಳಿಯುತ್ತದೆ ಎಂಬುದು ವಿಕಿರಣ ವೈದ್ಯರಿಗೆಲ್ಲ ಗೊತ್ತಿರುವ ಮಾತು. ನಡುವೆ ಬಿಡುವು ಸಿಕ್ಕರೆ ಉಳಿದ ಜೀವಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಕೂಲಿ ತಪ್ಪಿತೆಂದೋ, ಉಳಿಯಲು ಜಾಗವಿಲ್ಲವೆಂದೋ, ನುಂಗಲಾಗದೆ ನಿತ್ರಾಣವಾಯಿತೆಂದೋ ಒಬ್ಬರು ಒಂದು ವಾರ ಊರಿಗೆ ಹೋಗಿ ಬಂದರೆ ಎಷ್ಟು ನಷ್ಟವಾಯಿತೆಂದು ಇದರಿಂದಲೇ ಲೆಕ್ಕ ಹಾಕಬಹುದು. ಎಂಬತ್ತರ ದಶಕದಲ್ಲಿ ಆ ನಷ್ಟವನ್ನು ತಡೆಯುತ್ತಿದ್ದವರು ವಿಲ್ಸನ್ ಗಾರ್ಡನ್ನಿನ ಗೃಹಿಣಿಯರು. ಅವರಿಗೆ ಅದು ಗೊತ್ತಿರಲಿಲ್ಲ, ವೈದ್ಯರೂ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಾಗೆಂದು ಆ ಕಾಲದವರೇ ಮನುಷ್ಯರು, ಈಗಿನವರು ಕಲ್ಲುಹೃದಯದವರು ಎಂಬ ವಾದಕ್ಕೆ ನಾನು ಸೇರುವುದಿಲ್ಲ. ಅದೇ ಮನೆಗಳಲ್ಲಿ ಊರಿನಿಂದ ಬಂದವರಿಗೆ ಬೇರೆ ತಟ್ಟೆ, ಬೇರೆ ಲೋಟ ಇರುತ್ತಿತ್ತು. ಕ್ಯಾನ್ಸರ್ ಅಂಟುಜಾಡ್ಯವಲ್ಲವೆಂದು ಓದಿದವರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಆ ತಟ್ಟೆಯನ್ನು ಬಚ್ಚಲಲ್ಲಿ ಬೇರೆಯಾಗಿ ತೊಳೆದಿಡುವುದನ್ನು ರೋಗಿ ನೋಡುತ್ತಿರಲಿಲ್ಲವೇ? ಇನ್ನು ದುಡಿಮೆ. ನೆಂಟರನ್ನು ಕರೆದುಕೊಂಡು ಬರುವ ತೀರ್ಮಾನ ಗಂಡಸರದು. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಬಗೆಯ ಅಡುಗೆ, ವಾಂತಿಯ ಬಟ್ಟೆಯ ಒಗೆತ ಹೆಂಗಸರದು. ಅವರನ್ನು ಯಾರೂ ಕೇಳಿರಲಿಲ್ಲ. ಮೂರನೆಯದು ಇನ್ನೂ ಕಹಿ. ನಗರದಲ್ಲಿ ಊರಿನವರ ಮನೆ ಇರಬೇಕಾದರೆ ಆ ಊರಿನ, ಆ ಜಾತಿಯ ಯಾರಾದರೂ ಓದಿ ನೌಕರಿ ಹಿಡಿದಿರಬೇಕಿತ್ತು. ಹಾಗಿಲ್ಲದವರು, ಅಂದರೆ ಭೂಮಿಯಿಲ್ಲದವರು, ದಲಿತರು, ಆಸ್ಪತ್ರೆಯ ಕಾಂಪೌಂಡಿನ ಆಚೆ ಮರದಡಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಮುಂಬಯಿಯ ಪರೇಲಿನಲ್ಲಿ 1941ರಿಂದ ಇರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತುಗಳೂ ಇದೇ ಕಥೆ ಹೇಳುತ್ತವೆ. ಬಂಧುತ್ವದ ಮೇಲೆ ನಿಂತ ಸಹಾಯ ಬಂಧುಗಳಿದ್ದವರಿಗೆ ಸಿಕ್ಕಿತು. ಅದನ್ನೇ ಇಡೀ ಸಮಾಜದ ಔದಾರ್ಯವೆಂದು ನೆನಪಿಸಿಕೊಳ್ಳುವವರು ಆ ಮನೆಗಳ ಒಳಗಿದ್ದವರು ಮಾತ್ರ, ನಾನೂ ಅವರಲ್ಲೊಬ್ಬ.

ಆ ಮನೆಗಳ ಇನ್ನೊಂದು ಪದ್ಧತಿ ಇವತ್ತಿಗೂ ಉಳಿದಿದೆ: ರೋಗಿಗೆ ಹೇಳದಿರುವುದು. ಬಯಾಪ್ಸಿ ರಿಪೋರ್ಟ್ ಬಂದೊಡನೆ ಮಗನನ್ನೋ ತಮ್ಮನನ್ನೋ ಪಕ್ಕಕ್ಕೆ ಕರೆದು ಹೇಳುವುದು, ಅವರು ಒಳಗೆ ಬಂದು ‘ಏನಿಲ್ಲ, ಸಣ್ಣ ಗಡ್ಡೆಯಂತೆ’ ಎನ್ನುವುದು. ಹೇಳಿದರೆ ಎದೆಯೊಡೆದುಕೊಳ್ಳುತ್ತಾರೆ, ಇರುವ ಧೈರ್ಯವೂ ಹೋಗುತ್ತದೆ ಎಂಬುದು ಇದರ ಸಮರ್ಥನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ತಿಳಿದುಕೊಳ್ಳಲು ಇಷ್ಟಪಡದ ರೋಗಿಗಳೂ ಇದ್ದಾರೆ, ಆ ಇಷ್ಟಕ್ಕೂ ಬೆಲೆ ಕೊಡಬೇಕು. ಆದರೆ ಅದನ್ನು ರೋಗಿಯನ್ನೇ ಕೇಳಿ ತಿಳಿಯಬೇಕು. ಕೂದಲು ಉದುರಿ, ಪಕ್ಕದ ಬೆಡ್ಡಿನವರೂ ಅದೇ ಡ್ರಿಪ್ ಹಾಕಿಸಿಕೊಳ್ಳುತ್ತಿರುವಾಗ, ಬೋರ್ಡಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಎಂದು ಬರೆದಿರುವಾಗ ಗೊತ್ತಾಗದಿರುವುದೆಲ್ಲಿ ಬಂತು? ಮಾತು ನಿಂತದ್ದರಿಂದ ಆಗುತ್ತಿದ್ದದ್ದು ಒಂದೇ: ಜಮೀನು ಯಾರ ಹೆಸರಿಗೆ, ಮಗಳ ಮದುವೆ ಮುಂದೂಡಬೇಕೇ, ನೋವು ಎಷ್ಟಿದೆ ಎಂಬುದನ್ನು ರೋಗಿ ಯಾರ ಹತ್ತಿರವೂ ಕೇಳುವಂತಿರಲಿಲ್ಲ, ಹೇಳುವಂತಿರಲಿಲ್ಲ. ಮನೆಯವರು ತಮ್ಮ ಸಂಕಟವನ್ನು ಮುಚ್ಚಿಕೊಳ್ಳಲು ಮಾಡಿದ ಏರ್ಪಾಡಿಗೆ ರೋಗಿಯ ಹೆಸರನ್ನಿಟ್ಟರು ಎಂದೇ ಈಗ ನನಗೆ ಅನ್ನಿಸುವುದು.

ಧೈರ್ಯದ ವಿಷಯಕ್ಕೆ ಬಂದರೆ, ‘ಮನಸ್ಸು ಗಟ್ಟಿ ಮಾಡಿಕೊಂಡರೆ ಅರ್ಧ ಕಾಯಿಲೆ ವಾಸಿ’ ಎನ್ನುವವರು ಆಗಲೂ ಇದ್ದರು, ಈಗ ವಾಟ್ಸ್‌ಆ್ಯಪಿನಲ್ಲಿ ಇನ್ನೂ ಹೆಚ್ಚಿದ್ದಾರೆ. ಇದನ್ನು ವಿಜ್ಞಾನ ಪರೀಕ್ಷಿಸಿ ನೋಡಿದೆ. ಸ್ತನ ಕ್ಯಾನ್ಸರ್ ಹರಡಿದ್ದ 86 ಮಹಿಳೆಯರ ಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡಿನ ಡೇವಿಡ್ ಸ್ಪೀಗಲ್ ನಡೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದರು ಎಂದು ಅದು ಹೇಳಿದಾಗ ಜಗತ್ತೇ ಬೆರಗಾಯಿತು. ಆದರೆ 2001ರಲ್ಲಿ ಕೆನಡಾದ ಪಮೇಲಾ ಗುಡ್ವಿನ್ ಮತ್ತು ಸಂಗಡಿಗರು 235 ಮಹಿಳೆಯರಲ್ಲಿ ಅದನ್ನೇ ದೊಡ್ಡದಾಗಿ ಮಾಡಿ ನೋಡಿದರೆ 17.9 ತಿಂಗಳು, 17.6 ತಿಂಗಳು, ವ್ಯತ್ಯಾಸವೇ ಇಲ್ಲ. ಆಯುಸ್ಸು ಹೆಚ್ಚಲಿಲ್ಲ. ಆದರೆ ಗುಂಪಿನಲ್ಲಿ ಇದ್ದವರ ಸಂಕಟ, ನೋವಿನ ಅನುಭವ ಕಡಿಮೆಯಾಗಿತ್ತು. ನಾನು ಈ ಎರಡನೆಯ ಫಲಿತಾಂಶದ ಕಡೆಯವನು. ನೋವು ಕಡಿಮೆಯಾಗುವುದಕ್ಕೆ ಆಯುಸ್ಸಿನ ಸರ್ಟಿಫಿಕೇಟ್ ಏಕೆ ಬೇಕು? ಅಷ್ಟಕ್ಕೇ ಆ ಆಸರೆಯನ್ನು ಕೊಡಬೇಕು. ಧೈರ್ಯದಿಂದ ಗೆಲ್ಲಬಹುದೆಂಬ ಮಾತಿನ ಇನ್ನೊಂದು ಮುಖ ಕ್ರೂರವಾದದ್ದು. ಗುಣವಾಗದವರು ಧೈರ್ಯ ಸಾಲದೆ ಸೋತವರು ಎಂದಾಗಿಬಿಡುತ್ತದೆ. ಸಾಯುತ್ತಿರುವವರ ತಲೆಗೆ ಆ ಅಪರಾಧವನ್ನೂ ಕಟ್ಟುವುದು ಬೇಡ.

ವಿಚಿತ್ರವೆಂದರೆ ಆಯುಸ್ಸನ್ನು ಹೆಚ್ಚಿಸಿದ್ದು ತೀರ ಸಾಧಾರಣವೆನಿಸುವ ಸಹಾಯ. ನ್ಯೂಯಾರ್ಕಿನಲ್ಲಿ ಈಥನ್ ಬಾಷ್ ಮತ್ತು ಸಂಗಡಿಗರು ಕೀಮೋದಲ್ಲಿದ್ದ 766 ರೋಗಿಗಳಲ್ಲಿ ಕೆಲವರಿಗೆ ತಮ್ಮ ವಾಂತಿ, ಭೇದಿ, ಉಸಿರುಗಟ್ಟು, ನೋವು ಮೊದಲಾದವನ್ನು ಕಂಪ್ಯೂಟರಿನಲ್ಲಿ ಆಗಾಗ ದಾಖಲಿಸಲು ಹೇಳಿದರು. ಲಕ್ಷಣ ಬಿಗಡಾಯಿಸಿದರೆ ನರ್ಸಿಗೆ ಸಂದೇಶ ಹೋಗುತ್ತಿತ್ತು, ನರ್ಸು ಫೋನ್ ಮಾಡುತ್ತಿದ್ದಳು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಹಾಗೆ ದಾಖಲಿಸಿದವರು 31.2 ತಿಂಗಳು ಬದುಕಿದರೆ, ಮಾಮೂಲಿ ರೀತಿಯಲ್ಲಿ ಚಿಕಿತ್ಸೆ ಪಡೆದವರು 26 ತಿಂಗಳು. ಹೊಸ ಔಷಧಿಯೊಂದು ಐದು ತಿಂಗಳು ಕೊಟ್ಟಿದ್ದರೆ ಲಕ್ಷಾಂತರ ರೂಪಾಯಿ ಬೆಲೆ ಕಟ್ಟುತ್ತಿದ್ದರು. ಇಲ್ಲಿ ಕೊಟ್ಟದ್ದು ಕೇಳಿಸಿಕೊಳ್ಳುವ ಒಂದು ಕಿವಿ. ಬಾಸ್ಟನ್ನಿನಲ್ಲಿ ಜೆನಿಫರ್ ಟೆಮೆಲ್ 2010ರಲ್ಲಿ ತೋರಿಸಿದ್ದೂ ಇಂಥದ್ದೇ: ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳಲ್ಲಿ, ನೋವು ಮತ್ತು ಸಂಕಟ ನೋಡಿಕೊಳ್ಳುವ ಉಪಶಾಮಕ ಆರೈಕೆಯನ್ನು ಮೊದಲಿನಿಂದಲೇ ಪಡೆದವರ ಖಿನ್ನತೆ ಕಡಿಮೆಯಿತ್ತು, ಬದುಕಿದ್ದು 11.6 ತಿಂಗಳು, ಉಳಿದವರು 8.9. ನಮ್ಮಲ್ಲಿ ಇನ್ನೂ ‘ಇನ್ನೇನೂ ಮಾಡುವಂತಿಲ್ಲ’ ಎಂದ ಮೇಲೆಯೇ ಆ ಆರೈಕೆಯ ಮಾತು ಬರುತ್ತದೆ. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ 1999ರಿಂದ ಹಣ ಪಡೆಯದೆ ನಡೆಯುತ್ತಿರುವ ಕರುಣಾಶ್ರಯದಂಥ ಜಾಗಗಳನ್ನು ಜನ ಕೊನೆಯ ನಿಲ್ದಾಣವೆಂದು ಮಾತ್ರ ತಿಳಿದಿದ್ದಾರೆ. ಮಾರ್ಫಿನ್ ಮಾತ್ರೆಗೂ ಇದೇ ಗತಿ. ಅಗ್ಗದ ಮಾತ್ರೆ ಅದು. 1985ರ ಮಾದಕ ವಸ್ತುಗಳ ಕಾಯ್ದೆಯ ಭಯದಿಂದ ಅಂಗಡಿ, ಆಸ್ಪತ್ರೆಗಳಿಂದಲೇ ಮಾಯವಾಗಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಲೈಸೆನ್ಸಿನ ಗೋಜಲು ಸಡಿಲವಾದರೂ ಭಯ ಹೋಗಿಲ್ಲ.

ಇಲ್ಲಿ ಸಾಗರ ತಾಲ್ಲೂಕಿನ ನರಸೀಪುರವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಗುರುವಾರ, ಭಾನುವಾರ ಅಲ್ಲಿ ಮರದ ಚಕ್ಕೆಯ ಔಷಧಿಗಾಗಿ ದೂರದ ರಾಜ್ಯಗಳಿಂದಲೂ ಜನ ಬಂದು ಸಾಲು ನಿಲ್ಲುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆ ಚಕ್ಕೆ ಕ್ಯಾನ್ಸರ್ ವಾಸಿಮಾಡುತ್ತದೆಂದು ನಾನು ನಂಬುವುದಿಲ್ಲ. ವಾಸಿಯಾಗಬಹುದಾದ ಹಂತದ ರೋಗಿ ಅದನ್ನು ನೆಚ್ಚಿಕೊಂಡು ಕಾಲ ಕಳೆದರೆ ಜೀವಕ್ಕೇ ಎರವು. ಆದರೆ ಆ ಸಾಲಿನಲ್ಲಿ ನಿಂತವರನ್ನು ಮೂಢರೆಂದು ನಕ್ಕು ಬಿಡುವ ಆಧುನಿಕರ ಮೇಲೂ ನನಗೆ ತಕರಾರಿದೆ. ನಾಟಿ ವೈದ್ಯರ ಬಳಿ ಏನು ಸಿಗುತ್ತದೆ? ಅರ್ಥವಾಗುವ ಭಾಷೆ, ಇಂಥದ್ದು ತಿನ್ನು, ಇಂಥದ್ದು ಬಿಡು ಎಂಬ ಪಥ್ಯ, ಮನೆಯವರ ಕೈಗೊಂದು ಕೆಲಸ. ದೊಡ್ಡ ಆಸ್ಪತ್ರೆಯ ಓಪಿಡಿಯಲ್ಲಿ ಸಿಗುವುದು ಟೋಕನ್, ಮೂರು ಕೌಂಟರು, ಎರಡು ನಿಮಿಷದ ಮಾತು. ಏನು ತಿನ್ನಿಸಲಿ ಎಂದು ಕೇಳಿದರೆ ‘ಎಲ್ಲ ತಿನ್ನಬಹುದು’ ಎಂಬ ಉತ್ತರ. ಬಾಯಿತುಂಬ ಹುಣ್ಣಿರುವವರಿಗೆ ಎಲ್ಲ ತಿನ್ನಬಹುದು ಎಂದರೆ ಏನು ಹೇಳಿದಂತಾಯಿತು?

ಇಷ್ಟೆಲ್ಲ ಸರಿ, ಯಂತ್ರಕ್ಕೇ ದುಡ್ಡಿಲ್ಲದಿರುವಾಗ ಗಂಜಿಗೆ, ಛತ್ರಕ್ಕೆ ಎಲ್ಲಿಂದ ತರುವುದು ಎಂಬುದು ಅಧಿಕಾರಿಗಳ ಪ್ರಶ್ನೆ. ಗಂಭೀರವಾದ ಪ್ರಶ್ನೆಯೇ. 2022ರಲ್ಲಿ ದೇಶದಲ್ಲಿ ಸುಮಾರು 14.6 ಲಕ್ಷ ಹೊಸ ಕ್ಯಾನ್ಸರ್ ರೋಗಿಗಳಿದ್ದರೆಂದು ಐಸಿಎಂಆರ್‌ನ ನೋಂದಣಿ ಕಾರ್ಯಕ್ರಮದ ಅಂದಾಜು. ಆದರೆ ಬಡವರ ಚಿಕಿತ್ಸೆಗೆ ಸರ್ಕಾರ ಖರ್ಚು ಮಾಡಿದರೆ ಫಲ ಸಿಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಹೃದ್ರೋಗ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳ ವೆಚ್ಚ ಭರಿಸಿದ್ದಷ್ಟೇ ಅಲ್ಲದೆ ಹಳ್ಳಿಗಳಲ್ಲಿ ಶಿಬಿರ ನಡೆಸಿ ರೋಗಿಗಳನ್ನು ಹುಡುಕಿತು. ಯೋಜನೆಯಿದ್ದ ಹಳ್ಳಿಗಳನ್ನೂ ಗಡಿಯಾಚೆಗಿನ ಯೋಜನೆಯಿಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಬಡ ಕುಟುಂಬಗಳಲ್ಲಿ ಇಂಥ ಕಾಯಿಲೆಗಳ ಸಾವು ಯೋಜನೆಯಿದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ರೈಲಿನ ಸ್ಲೀಪರ್ ಮತ್ತು ಎಸಿ ತ್ರೀ ಟಯರಿನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಿರುವವರಿಗೆ ಮುಕ್ಕಾಲು ರಿಯಾಯಿತಿ ಇದೆ. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ 2023ರ ಶಕ್ತಿ ಯೋಜನೆಯ ಬಗ್ಗೆ ಮೂಗು ಮುರಿಯುವವರು, ಬಸ್ ಚಾರ್ಜಿಲ್ಲದೆ ಕರೆಂಟು ತಪ್ಪಿಸಿಕೊಳ್ಳುತ್ತಿದ್ದ ಹೆಂಗಸರ ಲೆಕ್ಕವನ್ನು ಒಮ್ಮೆ ಹಾಕಲಿ. ಬಿಲ್ಲಿನಲ್ಲಿ ಬಾರದ ಖರ್ಚು ಇನ್ನೂ ಹಾಗೆಯೇ ಉಳಿದಿದೆ. ರೋಗಿಯ ಕೂಲಿ, ಜೊತೆಗೆ ಬಂದವರ ಕೂಲಿ, ಆರು ವಾರದ ಬಾಡಿಗೆ, ಹೋಟೆಲಿನ ಇಡ್ಲಿ. ಜಿಲ್ಲಾ ಕೇಂದ್ರದಲ್ಲಿ ಕೀಮೋ ಸಿಕ್ಕರೂ ರೇಡಿಯೇಷನ್ನಿಗೆ, ದೊಡ್ಡ ಆಪರೇಷನ್ನಿಗೆ ದೂರದ ನಗರಕ್ಕೇ ಹೋಗಬೇಕು. ಇರುವ ಸವಲತ್ತುಗಳನ್ನಾದರೂ ರೋಗಿಗೆ ಯಾರು ಹೇಳಬೇಕು? ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಫ್ರೀಮನ್ 1990ರಲ್ಲಿ ಇದಕ್ಕೆಂದೇ ಸಂಬಳದ ಜನರನ್ನು ನೇಮಿಸಿದರು. ಕೈಹಿಡಿದು ಕೌಂಟರಿನಿಂದ ಕೌಂಟರಿಗೆ ಕರೆದೊಯ್ಯುವುದೇ ಅವರ ಕೆಲಸ. ಕಡಿಮೆ ಖರ್ಚಿನ ತಪಾಸಣೆಯೂ ಜೊತೆಗೂಡಿ, ಅಲ್ಲಿ ಸ್ತನ ಕ್ಯಾನ್ಸರಿನವರಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ 39ರಿಂದ ಶೇ 70ಕ್ಕೇರಿತು. ಟಾಟಾ ಮೆಮೋರಿಯಲ್‌ನವರು ‘ಕೇವಟ್’ ಎಂಬ ಹೆಸರಿನಲ್ಲಿ ಇದೇ ಕೆಲಸಕ್ಕೆ ಒಂದು ವರ್ಷದ ತರಬೇತಿ ಕೊಡುತ್ತಿದ್ದಾರೆ. ಒಂದು ಯಂತ್ರದ ಬೆಲೆಯಲ್ಲಿ ಇಂಥವರಿಗೆ ಎಷ್ಟು ವರ್ಷ ಸಂಬಳ ಕೊಡಬಹುದೆಂದು ಹಣಕಾಸು ಇಲಾಖೆಯವರೇ ಕೂಡಿ ಕಳೆದು ನೋಡಲಿ.

ಸಂಬಳಕ್ಕೆ ಮಾಡುವ ಆರೈಕೆಯಲ್ಲಿ ಅಂತಃಕರಣ ಎಲ್ಲಿರುತ್ತದೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಊರಿನವರ ಮನೆಯಲ್ಲಿ ಉಂಡವರು ಋಣದ ಭಾರಕ್ಕೆ ಕುಗ್ಗಿ ಇನ್ನೊಂದು ತುತ್ತು ಕೇಳುತ್ತಿರಲಿಲ್ಲ, ರಾತ್ರಿ ನೋವಾದರೆ ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಹಕ್ಕಿನಿಂದ ಸಿಗುವ ಅನ್ನವನ್ನು ಕೇಳಿ ಪಡೆಯಬಹುದು. ಅಂತಃಕರಣವುಳ್ಳ ಬಂಧುಗಳು ಆಮೇಲೆ ಬಂದು ಕೂರಲಿ, ಮಾತಾಡಲಿ. ಊಟದ ಚಿಂತೆ ತಪ್ಪಿದ ಮನೆಯಲ್ಲಿ ಮಾತಿಗೂ ಬಿಡುವು ಸಿಗುತ್ತದೆ.

ಆದ್ದರಿಂದ ನಿಮ್ಮ ಜಿಲ್ಲೆಯಲ್ಲಿ ಡೇ-ಕೇರ್ ಕೇಂದ್ರ ತೆರೆದಿದ್ದರೆ, ಎಷ್ಟು ಹಾಸಿಗೆ ಎಂದು ಕೇಳುವುದರ ಜೊತೆಗೆ ರೋಗಿಯ ಫೋನ್ ಎತ್ತುವವರು ಯಾರು, ಜೊತೆಗೆ ಬಂದವರು ಎಲ್ಲಿ ಕೂರುತ್ತಾರೆ, ಮಾರ್ಫಿನ್ ಮಾತ್ರೆ ಇದೆಯೇ ಎಂದೂ ಕೇಳಿ. ಪರಿಚಯದವರಿಗೆ ಕೀಮೋ ನಡೆಯುತ್ತಿದ್ದರೆ ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಬರಬೇಡಿ, ಅವರು ಹೇಳುವುದಿಲ್ಲ. ಮುಂದಿನ ಸರದಿ ಯಾವ ದಿನ ಎಂದು ಕೇಳಿಕೊಂಡು, ಅವತ್ತು ಮಕ್ಕಳನ್ನು ಶಾಲೆಯಿಂದ ನಾನು ಕರೆತರುತ್ತೇನೆ ಎನ್ನಿ. ನೆಗಡಿ, ಕೆಮ್ಮು ಇದ್ದರೆ ನೋಡಲು ಹೋಗಲೇಬೇಡಿ. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣಗಳು ಇಳಿದಿರುತ್ತವೆ; ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಆ ಹೊತ್ತಿಗೆ ಗಾಡಿ ಹೊರಡಿಸುವವರು ನೀವಾಗಿ.